ಶಾಸ್ತ್ರಶಬ್ದಗಳ ಗುರು-ಲಘು

ಹಾನಗಲ್ಲಿಗೆ ಹೋದವರು ತಾರಕೇಶ್ವರ ದೇವಾಲಯದ ಮಂಟಪದಲ್ಲಿ ತಲೆಯೆತ್ತಿ ಕಮಲದ ಛತ್ತನ್ನು ನೋಡಿ ಬೆರಗಾಗುತ್ತಾರೆ. ಅಲ್ಲಿಯ ಶಾಸನಗಳ ಮುಂದೆ ನಿಲ್ಲುವವರು ಕಡಿಮೆ. ನಿಂತರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಶಾಸನವನ್ನು ಕೊರೆದವನಿಗೆ ಸಾಲು ಮುಗಿಯುವಲ್ಲಿ ಶಬ್ದವೂ ಮುಗಿಯಬೇಕೆಂಬ ಹಂಗಿಲ್ಲ. ಕಲ್ಲಿನ ಅಂಚು ಎಲ್ಲಿ ಬಂತೋ ಅಲ್ಲಿಯೇ ಅವನು ಶಬ್ದವನ್ನು ತುಂಡರಿಸುತ್ತಾನೆ. ಅರಸನ ಬಿರುದೇ ಇರಲಿ, ದೇವರ ಹೆಸರೇ ಇರಲಿ, ಅರ್ಧ ಮೇಲಿನ ಸಾಲಿನಲ್ಲಿ, ಇನ್ನರ್ಧ ಕೆಳಗಿನ ಸಾಲಿನಲ್ಲಿ. ಆದರೆ ಎಷ್ಟೇ ಇಕ್ಕಟ್ಟಾದರೂ ಒಂದು ಅಕ್ಷರವನ್ನು ಮಾತ್ರ ಅವನು ಒಡೆಯಲಾರ. ಒತ್ತು, ಗುಣಿತ, ಸೊನ್ನೆ ಎಲ್ಲವೂ ಅದರ ಮೈಗೇ ಅಂಟಿಕೊಂಡಿರುತ್ತವೆ. ಕನ್ನಡಿಗನ ಕಣ್ಣಿಗೆ ಶಬ್ದದ ಇಟ್ಟಿಗೆ ಯಾವುದೆಂದರೆ ಅಕ್ಷರ. ಈ ಅಭ್ಯಾಸ ಸಾವಿರ ವರ್ಷಕ್ಕೂ ಮೀರಿದ್ದು.

ಇಂಗ್ಲಿಷಿನ ಸ್ಥಿತಿ ಹೀಗಲ್ಲ. ಅಲ್ಲಿ ಉದ್ದನೆಯ ಶಬ್ದವನ್ನು ಎಲ್ಲಿ ಒಡೆಯಬೇಕೆಂದು ನಿಘಂಟನ್ನು ಕೇಳಬೇಕಾಗುತ್ತದೆ. ‘ಹೆಲಿಕಾಪ್ಟರ್’ ಎಂಬ ಶಬ್ದವನ್ನು ಅವರು ‘ಹೆಲಿ’ ಎಂದೂ ‘ಕಾಪ್ಟರ್’ ಎಂದೂ ಒಡೆದು, ಆ ಎರಡು ತುಂಡುಗಳಿಂದ ಹೊಸ ಶಬ್ದಗಳನ್ನೂ ಹುಟ್ಟಿಸಿಕೊಂಡರು. ಮೂಲ ಗ್ರೀಕಿನಲ್ಲಿ ಅದು ‘ಹೆಲಿಕೊ’ ಮತ್ತು ‘ಪ್ಟೆರಾನ್’; ಸುರುಳಿ ಮತ್ತು ರೆಕ್ಕೆ. ‘ಪ್ಟ’ ಎಂದು ಆರಂಭವಾಗುವ ಅಕ್ಷರ ಇಂಗ್ಲಿಷರ ನಾಲಿಗೆಗೆ ಒಗ್ಗಲಿಲ್ಲ, ಅರ್ಥದ ಗೆರೆಯನ್ನು ಬಿಟ್ಟು ನಾಲಿಗೆಯ ಗೆರೆಯಲ್ಲಿ ಮುರಿದರು. ಇಂಗ್ಲಿಷರೂ ಗ್ರೀಕರ ಶಬ್ದದ ಮುಂದೆ ಒಂದು ಕಾಲಕ್ಕೆ ತಡವರಿಸಿದವರೇ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಮಾತನ್ನು ಕೇಳಬೇಕೆಂದು ಕೋರುತ್ತೇನೆ.

ಈ ವಿಷಯ ನನ್ನ ತಲೆಯನ್ನು ಹೊಕ್ಕಿದ್ದು ಶಾಸನದಿಂದಲ್ಲ, ಒಂದು ತರಗತಿಯ ನಗೆಯಿಂದ. ೧೯೭೦ರ ದಶಕದ ಕೊನೆ. ಕಾಲೇಜಿನ ಹೆಸರು ಬೇಡ. ಪಿ.ಯು.ಸಿ. ವಿಜ್ಞಾನದ ಮೊದಲ ವರ್ಷ, ಸಸ್ಯಶಾಸ್ತ್ರದ ತಾಸು. ನನ್ನ ಪಕ್ಕದಲ್ಲಿ ಕೂತವನು ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯವನು, ನನ್ನ ಕೋಣೆಯ ಸಂಗಾತಿ. ಐದನೆಯ ಇಯತ್ತೆಯಲ್ಲಿ ಇಂಗ್ಲಿಷಿನ ಅಕ್ಷರ ಕಂಡವನು, ಹತ್ತನೆಯ ಇಯತ್ತೆಯವರೆಗೆ ವಿಜ್ಞಾನವನ್ನು ಕನ್ನಡದಲ್ಲೇ ಓದಿ ಒಳ್ಳೆಯ ಅಂಕ ಪಡೆದವನು. ಅಧ್ಯಾಪಕರು ಅವನನ್ನು ಎಬ್ಬಿಸಿ ಪುಸ್ತಕದ ಒಂದು ಭಾಗವನ್ನು ಗಟ್ಟಿಯಾಗಿ ಓದಲು ಹೇಳಿದರು. ‘ಫೋಟೊಸಿಂಥೆಸಿಸ್’ ಎಂಬ ಶಬ್ದ ಬಂತು. ಅವನು ಮೊದಲ ‘ಫೋ’ದ ಮೇಲೆ ಬಲ ಹಾಕಿ, ಉಳಿದ ಅಕ್ಷರಗಳನ್ನು ಒಂದೊಂದಾಗಿ, ಕಾಳು ಎಣಿಸಿದಂತೆ ಇಳಿಸುತ್ತ ಹೋದ. ಅಧ್ಯಾಪಕರು ಅದನ್ನು ಹಾಗೆಯೇ ಅಣಕಿಸಿ ತೋರಿಸಿದರು. ತರಗತಿ ನಕ್ಕಿತು. ನಾನೂ ನಕ್ಕೆ. ಬಳಿಕ ಅಧ್ಯಾಪಕರು ‘ಸರಿಯಾದ’ ಉಚ್ಚಾರವನ್ನು ಹೇಳಿಕೊಟ್ಟರು: ‘ಫೋಟೋಸಿಂಥೀಸಿಸ್’ ಎಂದು, ‘ಥೀ’ಯನ್ನು ಎಳೆದು. ನಾವೆಲ್ಲ ಹಾಗೆಯೇ ಹೇಳಿದೆವು. ನನ್ನ ಗೆಳೆಯ ಆ ಮೇಲೆ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ದೀಪಾವಳಿಯ ಸೂಟಿಗೆ ಊರಿಗೆ ಹೋದವನು ತಿರುಗಿ ಬರಲೂ ಇಲ್ಲ.

ಎಷ್ಟೋ ವರ್ಷಗಳ ಮೇಲೆ, ಛಂದಸ್ಸಿನ ಪಾಠಕ್ಕೆ ಸಿದ್ಧನಾಗುತ್ತಿದ್ದಾಗ, ಆ ಶಬ್ದ ನೆನಪಾಗಿ ಡೇನಿಯಲ್ ಜೋನ್ಸನ ಉಚ್ಚಾರಣ ನಿಘಂಟನ್ನು ತೆರೆದು ನೋಡಿದೆ. ೧೯೧೭ರಲ್ಲಿ ಮೊದಲು ಅಚ್ಚಾದ ಆ ಗ್ರಂಥ ಇಂದಿಗೂ ಪರಿಷ್ಕಾರಗೊಳ್ಳುತ್ತ ಬಂದಿದೆ. ಅದರ ಪ್ರಕಾರ ದನಿಯ ಘಾತ ಬೀಳುವುದು ‘ಸಿಂ’ ಎಂಬಲ್ಲಿ. ‘ಥಿ’ ತೀರ ಹ್ರಸ್ವ. ನನ್ನ ಗೆಳೆಯ ತಪ್ಪಿದ್ದು ನಿಜ. ಅವನನ್ನು ನೋಡಿ ನಕ್ಕ ಅಧ್ಯಾಪಕರೂ ತಪ್ಪಿದ್ದರು, ಅವರೊಡನೆ ನಕ್ಕ ನಾವೂ ತಪ್ಪಿದ್ದೆವು. ನನಗೆ ಅಂದಿನಿಂದ ಕಾಡಿದ ಪ್ರಶ್ನೆ ಇದು: ಅವನು ಮೊದಲ ಅಕ್ಷರದ ಮೇಲೆಯೇ ಏಕೆ ಬಲ ಹಾಕಿದ?

ಉತ್ತರ ನಮ್ಮ ವ್ಯಾಕರಣದಲ್ಲಿಯೇ ಇದೆ. ಬರೆಯುವ ಅಕ್ಷರ ಬೇರೆ, ನುಡಿಯುವ ಅಕ್ಷರ ಬೇರೆ ಎಂಬುದನ್ನು ನಮ್ಮ ಛಂದಶ್ಶಾಸ್ತ್ರಜ್ಞರು ಚೆನ್ನಾಗಿ ಅರಿತಿದ್ದರು. ‘ಅಕ್ಷರ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಬರೆಯುವಾಗ ಅ, ಕ್ಷ, ರ ಎಂದು ಮೂರು. ನುಡಿಯುವಾಗ ‘ಕ್’ ಎಂಬುದು ಹಿಂದಿನ ‘ಅ’ಕಾರಕ್ಕೆ ಸೇರಿ ‘ಅಕ್-ಷ-ರ’ ಎಂದಾಗುತ್ತದೆ. ಸಂಯುಕ್ತಾಕ್ಷರದ ಹಿಂದಿನದು ಗುರು ಎಂಬ ನಿಯಮದ ಗುಟ್ಟು ಇಷ್ಟೇ. ಹತ್ತನೆಯ ಶತಮಾನದ ಕೊನೆಯ ನಾಗವರ್ಮನ ‘ಛಂದೋಂಬುಧಿ’ಯಿಂದ ಇಂದಿನ ಶಾಲೆಯ ಪುಸ್ತಕದವರೆಗೆ ಈ ನಿಯಮ ಬಂದಿದೆ. ಮಕ್ಕಳು ಗೆರೆ ಹಾಕಿ ಪ್ರಸ್ತಾರ ಮಾಡುತ್ತಾರೆ, ಅಂಕ ಪಡೆಯುತ್ತಾರೆ. ಅದು ಕಿವಿಯ ನಿಯಮ, ಕಣ್ಣಿನದಲ್ಲ ಎಂದು ಹೇಳಿಕೊಡುವವರು ವಿರಳ.

ನಿಯಮಕ್ಕಿಂತ ಅದರ ಅಪವಾದ ಇನ್ನೂ ಸ್ವಾರಸ್ಯವಾದುದು. ಸುಮಾರು ೧೨೬೦ರ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಶಿಥಿಲದ್ವಿತ್ವದ ವಿಚಾರ ಬರುತ್ತದೆ. ಹಳಗನ್ನಡದ ‘ಅಮರ್ದು’, ‘ಕುಳಿರ್ಗಾಳಿ’ ಮುಂತಾದ ಶಬ್ದಗಳಲ್ಲಿ ಒತ್ತಕ್ಷರವಿದ್ದರೂ ಅದರ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯಬಹುದು. ಸಂಸ್ಕೃತದ ಲೆಕ್ಕಕ್ಕೆ ಇದು ಅಪರಾಧ. ಕನ್ನಡದ ಕಿವಿಗೆ ಸಹಜ. ಏಕೆಂದರೆ ಕನ್ನಡ ಶಬ್ದದಲ್ಲಿ ದನಿಯ ಬಲವೆಲ್ಲ ಮೊದಲ ಅಕ್ಷರದಲ್ಲಿ ವೆಚ್ಚವಾಗುತ್ತದೆ. ಎರಡನೆಯ, ಮೂರನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ನಾಲಿಗೆ ಸಡಿಲವಾಗಿ, ‘ರ್’ಕಾರ ಹಗುರವಾಗಿ ಜಾರಿಹೋಗುತ್ತದೆ. ಕೇಶಿರಾಜನು ಘಾತ ಎಂಬ ಮಾತನ್ನು ಬಳಸದಿದ್ದರೂ ಅವನ ಕಿವಿ ಅದನ್ನು ಕೇಳಿತ್ತೆಂದು ನಾನು ನಂಬಿದ್ದೇನೆ. ‘ಛಂದೋಂಬುಧಿ’ಯನ್ನೂ ‘ಶಬ್ದಮಣಿದರ್ಪಣ’ವನ್ನೂ ೧೮೭೦ರ ದಶಕದಲ್ಲಿ ಅಚ್ಚಿಗೆ ಸಿದ್ಧಗೊಳಿಸಿದ ಕಿಟ್ಟೆಲರು ಈ ನಾಡಿಗೆ ಬಂದ ಹೊಸದರಲ್ಲಿ ಹುಬ್ಬಳ್ಳಿ-ಧಾರವಾಡಗಳ ಸುತ್ತಿನಲ್ಲಿ ಕನ್ನಡ ಕಲಿತವರೆಂಬುದು ನಮಗೆ ಅಭಿಮಾನದ ಮಾತು.

ಹಳಗನ್ನಡವೇಕೆ, ಶಿಗ್ಗಾಂವಿಯ ಸಂತೆಗೆ ಹೋದರೆ ಸಾಕು. ‘ಕುದುರೆ’ ಅಲ್ಲಿ ‘ಕುದ್ರಿ’, ‘ಮದುವೆ’ ಅಲ್ಲಿ ‘ಮದ್ವಿ’, ‘ಹೊರಗೆ’ ಎಂಬುದು ‘ಹೊರ್ಗ’. ಮೊದಲ ಅಕ್ಷರ ಎರಡನೆಯದರ ಸ್ವರವನ್ನು ನುಂಗಿ ತಾನು ಗುರುವಾಗುತ್ತದೆ. ಮೊದಲಿಗೆ ಬಲ, ಆಮೇಲೆ ಸಡಿಲ. ಇದು ಅಶುದ್ಧ ಭಾಷೆಯೆಂದು ಮೂಗು ಮುರಿಯುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಶುದ್ಧವಾದ ಸಾಕ್ಷ್ಯ ವ್ಯಾಕರಣಕ್ಕೆ ಸಿಕ್ಕಲಾರದು.

ಕನ್ನಡದ ದೇಸಿ ಛಂದಸ್ಸೂ ಇದನ್ನೇ ಹೇಳುತ್ತದೆ. ಹಿರೇಕೆರೂರು ಸೀಮೆಯ ಅಬಲೂರು ಸರ್ವಜ್ಞನ ಊರೆಂದು ಪ್ರಸಿದ್ಧವಾದುದು. ಏಕಾಂತದ ರಾಮಯ್ಯನ ಕಥೆಯನ್ನು ಹೇಳುವ, ಫ್ಲೀಟ್ ಸಾಹೇಬರು ಪ್ರಕಟಿಸಿದ ಶಾಸನ ಇರುವುದೂ ಅಲ್ಲಿಯೇ. ಸರ್ವಜ್ಞ ಆರಿಸಿಕೊಂಡ ತ್ರಿಪದಿಯಲ್ಲಿ ಹನ್ನೊಂದು ಗಣ. ಆರನೆಯದೂ ಹತ್ತನೆಯದೂ ಬ್ರಹ್ಮ, ಉಳಿದವು ವಿಷ್ಣು. ಈ ಅಂಶಗಣಗಳ ಒಳಗಿನ ಏರ್ಪಾಡನ್ನು ಗಮನಿಸಬೇಕು. ಗಣದ ಮೊದಲ ಅಂಶ ಒಂದು ಗುರುವಾಗಿರಬೇಕು, ಇಲ್ಲವೆ ಎರಡು ಲಘುವಾಗಿರಬೇಕು. ಮುಂದಿನ ಅಂಶಗಳು ಗುರುವಾದರೂ ಸರಿ, ಬರಿಯ ಲಘುವಾದರೂ ಸರಿ. ಹಾಡುವವನು ಎಳೆದು ತುಂಬಿಕೊಳ್ಳುತ್ತಾನೆ. ತಲೆ ಗಟ್ಟಿ, ಬಾಲ ಸಡಿಲ. ಶಿಗ್ಗಾಂವಿಯ ಪಕ್ಕದ ಶಿಶುನಾಳದಲ್ಲಿ ಷರೀಫ ಸಾಹೇಬರ ಪದಗಳನ್ನು ಏಕತಾರಿಯ ಮೇಲೆ ಹಾಡುವುದನ್ನು ಕೇಳಿದವರಿಗೆ, ತಾಳದ ಪೆಟ್ಟು ಶಬ್ದದ ತಲೆಯನ್ನು ಹುಡುಕಿಕೊಂಡು ಹೋಗುವುದು ತಿಳಿದಿರುತ್ತದೆ.

ಇಂಥ ಸೀಮೆಯ ಹುಡುಗ ‘ಫೋ’ದ ಮೇಲೆ ಬಲ ಹಾಕಿದ್ದು ಅಜ್ಞಾನದಿಂದಲ್ಲ. ಅವನ ಕಿವಿಯಲ್ಲಿ ಒಂದು ನಿಯಮವಿತ್ತು. ಅದು ಬೇರೆ ಭಾಷೆಯ ನಿಯಮವಾಗಿತ್ತು, ಅಷ್ಟೆ.

ಇಂಗ್ಲಿಷ್ ಶಬ್ದಗಳು ನಮ್ಮಲ್ಲಿಗೆ ಎರಡು ದಾರಿಯಿಂದ ಬಂದವು: ಕಿವಿಯ ದಾರಿ, ಕಣ್ಣಿನ ದಾರಿ. ಕಿವಿಯ ದಾರಿಯಿಂದ ಬಂದವು ಲಾಂದ್ರ, ಟೇಸನ್, ಮಾಸ್ತರ, ಬಾಟ್ಲಿ. ಇವುಗಳಲ್ಲಿ ಇಂಗ್ಲಿಷಿನವನು ಎಲ್ಲಿ ಬಲ ಹಾಕುತ್ತಿದ್ದನೋ ಅಲ್ಲಿಯೇ ನಮ್ಮವರು ಗುರುವನ್ನು ಇಟ್ಟುಕೊಂಡಿದ್ದಾರೆ. ಉಳಿದುದನ್ನು ತಮಗೆ ಬೇಕಾದಂತೆ ಸವೆಸಿದ್ದಾರೆ. ಒಂದಕ್ಷರ ಓದು ಬಾರದ ಹಮಾಲ, ಗಾಡಿಯವ ಮಾಡಿದ ಕೆಲಸ ಇದು. ಶಾಸ್ತ್ರಶಬ್ದಗಳಾದರೋ ಬಂದದ್ದು ಕಣ್ಣಿನ ದಾರಿಯಿಂದ, ಪುಸ್ತಕದ ಪುಟದ ಮೇಲೆ ಹತ್ತು-ಹನ್ನೆರಡು ಇಂಗ್ಲಿಷ್ ಅಕ್ಷರಗಳ ಸರಪಳಿಯಾಗಿ. ಅವನ್ನು ಮೊದಲು ನುಡಿದು ತೋರಿಸಿದ ಗುರುಗಳೂ ಪುಸ್ತಕದಿಂದಲೇ ಕಲಿತವರು. ಅವರ ಗುರುಗಳೂ ಅಷ್ಟೆ. ಹೀಗೆ ತಲೆಮಾರುಗಳು ಕಣ್ಣಿನಿಂದ ಕಲಿತದ್ದನ್ನು ಬಾಯಿಂದ ದಾಟಿಸಿದವು.

ಹಾಗಾದರೆ ಕನ್ನಡದ ಪಾರಿಭಾಷಿಕ ಶಬ್ದ ಇಟ್ಟುಕೊಂಡರೆ ತೊಡಕಿಲ್ಲವಲ್ಲ ಎಂದು ಕೇಳಬಹುದು. ಪಠ್ಯಪುಸ್ತಕ ಆ ಶಬ್ದಕ್ಕೆ ಕೊಟ್ಟ ಕನ್ನಡ ‘ದ್ಯುತಿಸಂಶ್ಲೇಷಣೆ’. ಅಕ್ಷರ ಆರು, ಒತ್ತು ಎರಡು. ಇದನ್ನೂ ಆ ಹುಡುಗ ಐದು ಸಲ ತಡವರಿಸಿಯೇ ಕಲಿತಿದ್ದ. ೧೯೧೧ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಬಿ.ಎಂ. ಶ್ರೀಕಂಠಯ್ಯನವರು ಉಪನ್ಯಾಸ ಮಾಡಿದರು. ಕವಿತೆಯ ಮಟ್ಟಿಗೆ ಅವರು ದಾರಿಯನ್ನೂ ಮಾಡಿಕೊಟ್ಟರು: ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಆ ಭಾಷೆಯ ಘಾತದ ಲಯಕ್ಕೆ ಎದುರಾಗಿ ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಕುಣಿಸಿ ತೋರಿಸಿದರು. ಒಂದು ಭಾಷೆಯ ಘಾತವನ್ನು ಇನ್ನೊಂದರ ಮಾತ್ರೆಯಲ್ಲಿ ಅಳೆಯಬಹುದೆಂಬ ತಿಳಿವಳಿಕೆ ನಮ್ಮ ಕಾವ್ಯಕ್ಕೆ ಬಂತು. ಶಾಲೆಯ ವಿಜ್ಞಾನದ ಕೋಣೆಗೆ ಅದು ಬರಲಿಲ್ಲ.

ಬರಬಹುದಾಗಿದ್ದ ಒಂದು ಸಂದರ್ಭವಿತ್ತು, ಅದೂ ನಮ್ಮ ಸವಣೂರಿನವರಿಂದ. ನವಾಬರ ಆ ಪುಟ್ಟ ರಾಜಧಾನಿಯಲ್ಲಿ ೧೯೦೯ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಕನ್ನಡವನ್ನೂ ದಖನಿ ಉರ್ದುವನ್ನೂ ಒಂದೇ ಬೀದಿಯಲ್ಲಿ ಕೇಳುತ್ತ ಬೆಳೆದು, ಧಾರವಾಡದಲ್ಲಿ ಬೇಂದ್ರೆಯವರ ಬಳಗ ಸೇರಿ, ಆಕ್ಸ್‌ಫರ್ಡಿನಲ್ಲಿ ಓದಿ ಬಂದವರು. ಹೈದರಾಬಾದಿನಲ್ಲಿ ೧೯೫೮ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ಗೋಕಾಕರು ಅದರ ನಿರ್ದೇಶಕರಾಗಿ ದುಡಿದು, ೧೯೬೬ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಹೋದರು. ದೇಶದ ಇಂಗ್ಲಿಷ್ ಅಧ್ಯಾಪಕರಿಗೆ ಧ್ವನಿಶಾಸ್ತ್ರವನ್ನು ಕಲಿಸುವ ಕೆಲಸ ಆ ಸಂಸ್ಥೆಯದು. ಅಲ್ಲಿಂದ ೧೯೬೯ರಲ್ಲಿ ಹೊರಬಂದ ಆರ್.ಕೆ. ಬನ್ಸಲ್ ಅವರ ಗ್ರಂಥ, ಭಾರತೀಯರ ಇಂಗ್ಲಿಷ್ ಪರದೇಶದವರಿಗೆ ಎಷ್ಟರ ಮಟ್ಟಿಗೆ ತಿಳಿಯುತ್ತದೆಂಬುದನ್ನು ಪರೀಕ್ಷಿಸಿತು. ಮಾತು ತಿಳಿಯದಿರುವುದಕ್ಕೆ ಅದು ಕಂಡುಕೊಂಡ ಮುಖ್ಯ ಕಾರಣಗಳಲ್ಲಿ ಒಂದು, ಘಾತ ತಪ್ಪಿದ ಜಾಗದಲ್ಲಿ ಬೀಳುವುದು. ನಾವು ‘ಜಡ್’ ಸರಿಯೇ, ‘ಝಡ್’ ಸರಿಯೇ ಎಂದು ಮಕ್ಕಳ ಕಿವಿ ಹಿಂಡುತ್ತಿದ್ದ ಕಾಲದಲ್ಲಿ ಈ ಮಾತು ಹೈದರಾಬಾದಿನಲ್ಲಿ ಅಚ್ಚಾಗಿತ್ತು.

ಅದೇ ಗೋಕಾಕರ ಹೆಸರು ನಾಡಿನ ಮನೆಮಾತಾದದ್ದು ಮಾತ್ರ ಬೇರೆ ಕಾರಣಕ್ಕೆ. ೧೯೮೧ರ ಜನವರಿಯಲ್ಲಿ ಅವರ ಸಮಿತಿ ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು ವರದಿ ಕೊಟ್ಟಿತು. ಮುಂದಿನದು ಚಳವಳಿಯ ಇತಿಹಾಸ. ಇಂಗ್ಲಿಷಿನ ಉಚ್ಚಾರವನ್ನು ದೇಶಕ್ಕೆ ಕಲಿಸಿದವರೇ ಕನ್ನಡಕ್ಕೆ ಮೊದಲ ಮಣೆ ಹಾಕಿದರೆಂದು ಕೆಲವರು ಸೋಜಿಗಪಡುತ್ತಾರೆ. ನನಗೆ ಇದರಲ್ಲಿ ವಿರೋಧ ಕಾಣುವುದಿಲ್ಲ. ಎರಡು ಭಾಷೆಗಳ ತೂಕವನ್ನು ಬಲ್ಲವರಿಗೆ ಯಾವುದನ್ನು ಮೊದಲು ಕಲಿಸಬೇಕೆಂಬುದು ತಿಳಿದಿರುತ್ತದೆ.

ಈಗ ಮೂಲ ಪ್ರಶ್ನೆಗೆ ಬರೋಣ. ಇಂಗ್ಲಿಷಿನ ಉದ್ದನೆಯ ಶಾಸ್ತ್ರಶಬ್ದದಲ್ಲಿ ಘಾತ ಎಲ್ಲಿ ಬೀಳುತ್ತದೆ? ಇಂಗ್ಲಿಷಿನ ಸ್ವಂತ ಶಬ್ದಗಳಲ್ಲಿ ಅದು ಬಹುಮಟ್ಟಿಗೆ ನಮ್ಮ ಹಾಗೆ ತಲೆಯ ಮೇಲೆಯೇ ಬೀಳುತ್ತದೆ: ವಾಟರ್, ಮದರ್, ಸಿಸ್ಟರ್. ಆದರೆ ಶಾಸ್ತ್ರಶಬ್ದಗಳು ಅವರ ಸ್ವಂತದವಲ್ಲ, ಗ್ರೀಕ್-ಲ್ಯಾಟಿನ್‌ಗಳಿಂದ ಬಂದವು. ಅವುಗಳಲ್ಲಿ ಬಹುಪಾಲು ಲ್ಯಾಟಿನ್ನಿನ ನಿಯಮವನ್ನೇ ಹೊತ್ತುಕೊಂಡು ಬಂದಿವೆ. ಆ ನಿಯಮವನ್ನು ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ರೋಮಿನ ವಾಗ್ಮಿತೆಯ ಗುರು ಕ್ವಿಂಟಿಲಿಯನ್ ಹೇಳಿಟ್ಟಿದ್ದಾನೆ. ಅದನ್ನು ನಮ್ಮ ಪರಿಭಾಷೆಗೆ ತಂದರೆ ಹೀಗಾಗುತ್ತದೆ: ಶಬ್ದದ ಕೊನೆಯ ಅಕ್ಷರವನ್ನು ಲೆಕ್ಕದಿಂದ ಬಿಡು. ಅದರ ಹಿಂದಿನ ಅಕ್ಷರ ಗುರುವಾದರೆ ಘಾತ ಅಲ್ಲಿಯೇ. ಅದು ಲಘುವಾದರೆ ಇನ್ನೊಂದು ಅಕ್ಷರ ಹಿಂದಕ್ಕೆ ಹೋಗು.

ಇದನ್ನು ಮೊದಲು ಓದಿದಾಗ ನಾನು ಪುಸ್ತಕ ಮುಚ್ಚಿ ಕುಳಿತುಬಿಟ್ಟೆ. ಗುರು ಯಾವುದು ಎಂಬುದಕ್ಕೆ ರೋಮಿನವರ ಲಕ್ಷಣ ನಮ್ಮದೇ: ದೀರ್ಘಸ್ವರವಿರಬೇಕು, ಇಲ್ಲವೆ ಮುಂದೆ ಒತ್ತಿನಿಂದ ಮುಚ್ಚಿರಬೇಕು. ಕೊನೆಯ ಅಕ್ಷರವನ್ನು ಲೆಕ್ಕಿಸದಿರುವುದೂ ನಮಗೆ ಹೊಸದಲ್ಲ. ಪಾದಾಂತ್ಯದ ಲಘುವನ್ನು ಬೇಕಾದರೆ ಗುರುವೆಂದು ಎಣಿಸುವ ಔದಾರ್ಯ ನಮ್ಮಲ್ಲಿಯೂ ಉಂಟು. ನೋಡಿ: ‘ಡಯಾಗ್ನೋಸಿಸ್’ನಲ್ಲಿ ಕೊನೆಯದನ್ನು ಬಿಟ್ಟರೆ ‘ನೋ’ ಗುರು, ಘಾತ ಅಲ್ಲಿಯೇ. ‘ಅಪೆಂಡಿಕ್ಸ್’ನಲ್ಲಿ ‘ಪೆಂ’ ಗುರು, ‘ಸೆರೆಬೆಲ್ಲಮ್’ನಲ್ಲಿ ‘ಬೆ’ ಒತ್ತಿನ ಹಿಂದಿದ್ದು ಗುರು; ಘಾತವೂ ಅಲ್ಲಲ್ಲಿಯೇ. ಇನ್ನು ‘ಎಲೆಕ್ಟ್ರಾಲಿಸಿಸ್’: ‘ಲಿ’ ಲಘು, ಆದ್ದರಿಂದ ಹಿಂದಕ್ಕೆ ಹೋಗಿ ‘ಟ್ರಾ’ ಮೇಲೆ ಘಾತ. ‘ಬ್ಯಾಕ್ಟೀರಿಯಾ’ದಲ್ಲಿ ‘ರಿ’ ಲಘು, ಘಾತ ‘ಟೀ’ ಮೇಲೆ. ‘ಹಿಪ್ಪೊಪಾಟಮಸ್’ನಲ್ಲಿ ‘ಟ’ ಲಘು, ಘಾತ ‘ಪಾ’ ಮೇಲೆ. ‘ರೆಟಿನಾ’ದಲ್ಲಿ ‘ಟಿ’ ಲಘು, ಘಾತ ‘ರೆ’ ಮೇಲೆ. ಕೊನೆಗೆ ಆ ತರಗತಿಯ ಶಬ್ದ: ‘ಥಿ’ ಲಘು, ಘಾತ ‘ಸಿಂ’ ಮೇಲೆ. ಎಂಟನೆಯ ಇಯತ್ತೆಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಲು ಬಲ್ಲ ಹುಡುಗನಿಗೆ ಇದನ್ನು ತಿಳಿಸಲು ಅರ್ಧ ತಾಸು ಸಾಕು. ವ್ಯತ್ಯಾಸ ಒಂದೇ. ನಾವು ಶಬ್ದವನ್ನು ತಲೆಯಿಂದ ಎಣಿಸುತ್ತೇವೆ, ಅವರು ಬಾಲದಿಂದ.

ತೊಡಕುಗಳಿಲ್ಲವೆಂದಲ್ಲ. ಕನ್ನಡದಲ್ಲಿ ಬರೆದಾಗಲೇ ನಾವು ಕೆಲವು ಲಘುಗಳನ್ನು ಗುರು ಮಾಡಿಬಿಡುತ್ತೇವೆ. ‘ಮೀಟರ್’ ಎಂಬ ಶಬ್ದ ಪರಿಚಿತವಾದ್ದರಿಂದ ‘ಥರ್ಮಾಮೀಟರ್’ ಎಂದು ಬರೆದು ‘ಮೀ’ಯ ಮೇಲೆ ನಿಲ್ಲುತ್ತೇವೆ, ಅವರಲ್ಲಿ ಆ ‘ಮಿ’ ಲಘು, ಘಾತ ‘ಮಾ’ ಮೇಲೆ. ‘ಇಕ್’ ಎಂದು ಮುಗಿಯುವ ಶಬ್ದಗಳು ಈ ಲೆಕ್ಕಕ್ಕೆ ಬಗ್ಗುವುದಿಲ್ಲ, ತಮ್ಮ ಹಿಂದಿನ ಅಕ್ಷರಕ್ಕೆ ಲಘು-ಗುರು ನೋಡದೆ ಘಾತ ಕೊಡುತ್ತವೆ. ಹೀಗಾಗಿ ‘ಫೋಟೊಗ್ರಾಫ್’ನಲ್ಲಿ ‘ಫೋ’, ‘ಫೊಟಾಗ್ರಫರ್’ನಲ್ಲಿ ‘ಟಾ’, ‘ಫೋಟೊಗ್ರಾಫಿಕ್’ನಲ್ಲಿ ‘ಗ್ರಾ’, ಒಂದೇ ಮನೆಯ ಮೂರು ಶಬ್ದಗಳಲ್ಲಿ ಘಾತ ಮೂರು ಕಡೆ ಅಲೆಯುತ್ತದೆ. ಬಾಲ ಬದಲಾದಂತೆ ಬಲ ಬದಲಾಗುತ್ತದೆ. ಪ್ರಯೋಗಶಾಲೆಗೆ ಅವರು ಹೇಳುವ ಶಬ್ದದಲ್ಲಿ ಇಂಗ್ಲೆಂಡಿನವರು ಎರಡನೆಯ ಅಕ್ಷರಕ್ಕೂ ಅಮೆರಿಕದವರು ಮೊದಲನೆಯದಕ್ಕೂ ಬಲ ಹಾಕಿ ಇನ್ನೂ ಜಗಳವಾಡುತ್ತಿದ್ದಾರೆ. ಘಾತವಿಲ್ಲದ ಅಕ್ಷರಗಳ ಸ್ವರ ಕುಗ್ಗಿಹೋಗುವುದನ್ನು ಕಲಿಯುವುದು ನಮ್ಮವರಿಗೆ ಕಷ್ಟವೆನ್ನುತ್ತಾರೆ. ಗ್ರಾಂಥಿಕ ಕನ್ನಡವನ್ನೇ ನೆಚ್ಚಿದವರಿಗೆ ಕಷ್ಟ. ‘ಕುದ್ರಿ’, ‘ಮದ್ವಿ’ ಎನ್ನುವವರಿಗೆ ಅದು ತಾಯಿಯ ಮಡಿಲಲ್ಲಿ ಕಲಿತ ವಿದ್ಯೆ.

೨೦೦೭-೦೮ರಿಂದ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂತು. ೨೦೧೯-೨೦ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದವು. ಅದರ ಯುಕ್ತಾಯುಕ್ತತೆ ಈ ಭಾಷಣದ ವಿಷಯವಲ್ಲ. ಒಂದೇ ಕಟ್ಟಡದಲ್ಲಿ ಒಂದು ತಾಸು ಕನ್ನಡದ ಗುರುಗಳು ಗುರು-ಲಘು ಹಾಕಿಸುತ್ತಾರೆ, ಮುಂದಿನ ತಾಸು ವಿಜ್ಞಾನದ ಗುರುಗಳು ಉದ್ದನೆಯ ಶಬ್ದವನ್ನು ಹತ್ತು ಸಲ ಹೇಳಿಸುತ್ತಾರೆ. ಇಬ್ಬರೂ ಚಹಾಕ್ಕೆ ಒಟ್ಟಿಗೆ ಹೋಗುತ್ತಾರೆ. ಆದರೆ ಈ ಮಾತು ಅವರ ನಡುವೆ ಬರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಮದುವೆಗೆಂದು ಹಿರೇಕೆರೂರಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಬೀಜ-ಗೊಬ್ಬರದ ಒಂದು ಅಂಗಡಿಯಲ್ಲಿ ಕುಳಿತಿದ್ದ ನರೆಗೂದಲಿನವನು ನನ್ನನ್ನು ಹೆಸರು ಹಿಡಿದು ಕೂಗಿದ. ಅದೇ ಗೆಳೆಯ. ಕುಳಿತು ಮಾತಾಡುತ್ತಿರುವಾಗ ಒಬ್ಬ ರೈತ ಹತ್ತಿಯ ಎಲೆಯೊಂದನ್ನು ತಂದು ತೋರಿಸಿದ. ಗೆಳೆಯ ಎಲೆಯನ್ನು ತಿರುಗಿಸಿ ನೋಡಿ, ಒಳಗಿದ್ದ ಹುಡುಗನಿಗೆ ಕೂಗಿ ಹೇಳಿದ: “ಇಮಿಡಾಕ್ಲೋಪ್ರಿಡ್ ತಗೊಂಬಾ, ಸಣ್ಣದು.” ನಾನು ಕಿವಿಗೊಟ್ಟೆ. ಕೊನೆಯ ಅಕ್ಷರವನ್ನು ಬಿಟ್ಟರೆ ‘ಕ್ಲೋ’ ಗುರು. ಅವನ ದನಿ ಬಿದ್ದದ್ದು ಸರಿಯಾಗಿ ಅದರ ಮೇಲೆಯೇ.

“ಯಾರು ಕಲಿಸಿದರೋ ಇದನ್ನ?” ಎಂದೆ.

“ಯಾರ್ ಕಲಸ್ತಾರ? ಕಂಪನಿಯವರು ಬಂದು ಹೇಳ್ತಾರ, ನಾ ಕೇಳ್ತೇನಿ. ದಿನಾ ಹತ್ತ ಸಲ ಅಂದ ಮ್ಯಾಲೆ ನಾಲಿಗಿ ತಾನ ತಿರುಗ್ತೈತಿ,” ಎಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆವತ್ತ ನೀನೂ ನಕ್ಕಿದ್ದಿ, ನೆನಪೈತೇನು?” ಎಂದು ಕೇಳಿದ. ನೆನಪಿದೆ ಎಂದೆ. ಅವನು ಚಹಾ ತರಿಸಿದ.